ಮೂಸೆಯಿಂದ ಪಾರಾದ ಚಿನ್ನದ ವಾಚುಗಳು

ಮೇಲಿನ ಗುಂಡಿ ಒತ್ತಿದರೆ ನಡುವಿನ ಉದ್ದನೆಯ ಮುಳ್ಳು ಓಡಲು ಶುರುಮಾಡುತ್ತದೆ. ನಿಲ್ಲಿಸೋಣವೆಂದು ಅದೇ ಗುಂಡಿಯನ್ನು ಮತ್ತೆ ಒತ್ತಿದರೆ ಏನೂ ಆಗುವುದಿಲ್ಲ, ಮುಳ್ಳು ತನ್ನ ಪಾಡಿಗೆ ತಾನು ಓಡುತ್ತಲೇ ಇರುತ್ತದೆ. ಸ್ಟಾಪ್‌ವಾಚು ಬಳಸಿ ರೂಢಿಯಿರುವ ಯಾರಿಗಾದರೂ ಇದು ಕೆಟ್ಟುಹೋದ ವಾಚು ಅನ್ನಿಸುವುದು ಸಹಜ. ಅದು ಕೆಟ್ಟಿರುವುದಿಲ್ಲ. ಕೆಳಗಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಮುಳ್ಳು ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಥಟ್ಟನೆ ಹನ್ನೆರಡರ ನೇರಕ್ಕೆ ಮರಳುತ್ತದೆ. ಲ್ಯಾಂಡರಾನ್ 48 ಎಂಬ ಯಂತ್ರದ ನಡೆಯೇ ಹಾಗೆ. ಈ ಸಂಗತಿ ಗೊತ್ತಿಲ್ಲದೆ ‘ರಿಪೇರಿಯಾಗದ ಮಾಲು’ ಎಂದು ಮೂಲೆಗೆ ಬಿದ್ದ ವಾಚುಗಳು, ಮುಂದೆ ಅಕ್ಕಸಾಲಿಗನ ತಕ್ಕಡಿ ಹತ್ತಿದ ವಾಚುಗಳು ಲೆಕ್ಕವಿಲ್ಲ.

ಕ್ರೊನೊಗ್ರಾಫ್, ಅಂದರೆ ಸ್ಟಾಪ್‌ವಾಚಿನ ಕೆಲಸವನ್ನೂ ಮಾಡುವ ಹಳೆಯ ಚಿನ್ನದ ಕೈಗಡಿಯಾರಗಳ ಸಂಗ್ರಹಕ್ಕೆ ಕೈಹಾಕುವವರಿಗೆ ಮೊದಲು ಎದುರಾಗುವುದು ಬಹುಮಟ್ಟಿಗೆ ಈ ಯಂತ್ರವೇ. ಸ್ವಿಟ್ಜರ್ಲೆಂಡಿನಲ್ಲಿ ನೂಷಾಟೆಲ್ ಮತ್ತು ಬೀಲ್ ಸರೋವರಗಳ ನಡುವೆ ಲ ಲ್ಯಾಂಡರಾನ್ ಎಂಬ ಊರಿದೆ, ಯಂತ್ರದ ಹೆಸರು ಅಲ್ಲಿಂದ ಬಂದದ್ದು. 1937ರಿಂದಾಚೆ ಅಲ್ಲಿನ ಕಾರ್ಖಾನೆ ಈ ಬಗೆಯ ಯಂತ್ರಗಳನ್ನು ಲಕ್ಷಗಟ್ಟಲೆ ತಯಾರಿಸಿ ಬೇರೆ ಬೇರೆ ವಾಚು ಕಂಪನಿಗಳಿಗೆ ಮಾರಿತು. ಕೊಂಡವರು ತಮ್ಮ ಡಯಲ್, ತಮ್ಮ ಕವಚ ಹಾಕಿ ತಮ್ಮ ಹೆಸರು ಬರೆಸಿದರು. ಎಷ್ಟೋ ಮಂದಿ ಹೆಸರನ್ನೂ ಬರೆಸಲಿಲ್ಲ. ಹೆಸರಿರಬೇಕಾದ ಜಾಗದಲ್ಲಿ ‘ಕ್ರೊನೊಗ್ರಾಫ್ ಸ್ವಿಸ್’ ಎಂಬ ಎರಡೇ ಪದ, ಅದರಡಿಯಲ್ಲಿ ಹದಿನೇಳು ಕಲ್ಲು, ಅಯಸ್ಕಾಂತಕ್ಕೆ ಬಗ್ಗದ್ದು ಎಂಬ ಅರ್ಥದ ಫ್ರೆಂಚ್ ಸಾಲು. ಕವಚ ಮಾತ್ರ 18 ಕ್ಯಾರೆಟ್ ಚಿನ್ನದ್ದು.

1940 ಮತ್ತು 50ರ ದಶಕಗಳಲ್ಲಿ ಇಂಥ ವಾಚುಗಳು ಸ್ವಿಟ್ಜರ್ಲೆಂಡಿನ ಅಂಗಡಿಗಳಿಂದ ಪ್ರವಾಸಿಗಳ ಕೈಗೆ ಕಟ್ಟಿಕೊಂಡು ಜಗತ್ತಿನ ಮೂಲೆಮೂಲೆಗೆ ಹೋದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ರಜೆಗೆಂದು ಆ ದೇಶಕ್ಕೆ ಬಂದಿಳಿದ ಅಮೆರಿಕದ ಸೈನಿಕರಂತೂ ವಾಚು ಕೊಳ್ಳದೆ ಊರಿಗೆ ಮರಳಿದ್ದು ಕಡಿಮೆ. ಯುದ್ಧದಲ್ಲಿ ನಾಣ್ಯಗಳೂ ನೋಟುಗಳೂ ಬೆಲೆ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡ ತಲೆಮಾರು ಅದು. ಕೈಯಲ್ಲೇ ಕಟ್ಟಿಕೊಂಡು ಗಡಿ ದಾಟಬಹುದಾದ ಚಿನ್ನದ ಮೇಲೆ ಅವರಿಗಿದ್ದ ಆಸೆಯನ್ನು ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಚಿನ್ನ ಎಷ್ಟಿತ್ತು? ಇಲ್ಲಿ ತಯಾರಕರ ಜಾಣ್ಮೆಯನ್ನು ಹತ್ತಿರದಿಂದ ನೋಡಬೇಕು. ವಾಚಿನ ಅಗಲ 37–38 ಮಿಲಿಮೀಟರ್, ಆ ಕಾಲಕ್ಕೆ ಅದು ದೊಡ್ಡ ಗಾತ್ರವೇ. ದೂರದಿಂದ ಗಟ್ಟಿ ಚಿನ್ನದ ಗಟ್ಟಿಯಂತೆ ಕಾಣುತ್ತದೆ, ಅಂಗೈ ಮೇಲಿಟ್ಟರೆ ಹಗುರ. ತೆಳು ತಗಡನ್ನು ಅಚ್ಚಿನಲ್ಲಿ ಒತ್ತಿ ಕವಚದ ಆಕಾರಕ್ಕೆ ತಂದಿರುತ್ತಾರೆ. ಪಟ್ಟಿ ಸಿಕ್ಕಿಸುವ ನಾಲ್ಕು ಕೊಂಬುಗಳು ಒಳಗೆ ಟೊಳ್ಳು. ಹಿಂಬದಿಯ ಚಿನ್ನದ ಮುಚ್ಚಳ ತೆಗೆದರೆ ಒಳಗೆ ಇನ್ನೊಂದು ಅಗ್ಗದ ಲೋಹದ ಮುಚ್ಚಳ ಇರುವುದುಂಟು, ಯಂತ್ರಕ್ಕೆ ನಿಜವಾದ ರಕ್ಷಣೆ ಅದೇ. ಮೇಲಿನದನ್ನು ಹೆಬ್ಬೆರಳಿನಿಂದ ಒತ್ತಿದರೆ ತಗ್ಗಾದೀತು ಎಂಬಷ್ಟು ತೆಳು. ಕಡಿಮೆ ಚಿನ್ನದಲ್ಲಿ ಹೆಚ್ಚು ಚಿನ್ನ ಕಾಣಿಸುವ ಈ ಕಲೆಯನ್ನು ಮೋಸವೆಂದು ಕರೆಯಲು ನನಗೆ ಮನಸ್ಸಿಲ್ಲ. ಮೊಹರು ಹೇಳುವಷ್ಟು ಶುದ್ಧತೆ ಅದರಲ್ಲಿ ಇದ್ದೇ ಇದೆ, ತಗಡು ತೆಳು ಅಷ್ಟೆ.

ಈ ತೆಳುತನವೇ ಇಂದು ಸಂಗ್ರಾಹಕರಿಗೆ ಮೊದಲ ಪರೀಕ್ಷೆ. ಎಪ್ಪತ್ತು ವರ್ಷದಲ್ಲಿ ಒಂದು ವಾಚು ಎಷ್ಟು ಬಾರಿ ಸರ್ವಿಸಿಗೆ ಹೋಗಿರುತ್ತದೆಯೋ, ಅಷ್ಟು ಬಾರಿ ಯಾರಾದರೊಬ್ಬರು ‘ಹೊಸದರ ಹಾಗೆ ಮಾಡಿಕೊಡುತ್ತೇನೆ’ ಎಂದು ಅದಕ್ಕೆ ಮೆರುಗು ಹಿಡಿದಿರುತ್ತಾರೆ. ಪ್ರತಿ ಮೆರುಗಿನಲ್ಲೂ ಒಂದಿಷ್ಟು ಚಿನ್ನ ಬಟ್ಟೆಯ ಚಕ್ರಕ್ಕೆ ಅಂಟಿ ಹೋಗುತ್ತದೆ. ಕೊಂಬಿನ ಚೂಪು ಅಂಚುಗಳು ಮೊದಲು ಮೊಂಡಾಗುತ್ತವೆ, ಮೊಹರು ಮಸುಕಾಗುತ್ತದೆ, ಕೊನೆಗೆ ಕೊಂಬಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಆ ತೂತನ್ನು ಮುಚ್ಚಲು ಸೀಸ, ತವರದ ಬೆಸುಗೆ ಹಾಕಿದ ವಾಚುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಭೂತಗನ್ನಡಿಯಲ್ಲಿ ನೋಡಿದರೆ ಬೂದುಬಣ್ಣದ ಗುಳ್ಳೆಯಂತೆ ಕಾಣುತ್ತದೆ. ಅಂಥದ್ದನ್ನು ಕೊಳ್ಳಬೇಡಿ ಎಂದು ಯಾರಿಗಾದರೂ ಧೈರ್ಯವಾಗಿ ಹೇಳಬಲ್ಲೆ. ಕೆಂಬಣ್ಣದ ಚಿನ್ನದಲ್ಲಿ ತಾಮ್ರದ ಪಾಲು ಹೆಚ್ಚು. ಮುಟ್ಟದೆ ಬಿಟ್ಟರೆ ಅದರ ಮೈಮೇಲೆ ದಶಕಗಳಲ್ಲಿ ಕಂದು, ನೇರಳೆ ಛಾಯೆ ಹಬ್ಬುತ್ತದೆ. ಕೊಳೆಯೆಂದು ನಾವು ಉಜ್ಜಿ ತೆಗೆಯುವ ಆ ಬಣ್ಣವೇ, ಕವಚಕ್ಕೆ ಬಹುಕಾಲ ಮೆರುಗು ಬಿದ್ದಿಲ್ಲ ಎಂಬುದಕ್ಕೆ ನಂಬಬಹುದಾದ ಸಾಕ್ಷಿ.

ಮೊಹರಿನ ಮಾತು ಬಂತು. ನಮ್ಮ ಆಭರಣಗಳ ಮೇಲೆ 22 ಕ್ಯಾರೆಟಿಗೆ 916 ಎಂದು ಇರುವ ಹಾಗೆ 18 ಕ್ಯಾರೆಟಿಗೆ 750, ಅಂದರೆ ಸಾವಿರದಲ್ಲಿ 750 ಪಾಲು ಚಿನ್ನ. ಉಳಿದದ್ದು ಬೆಳ್ಳಿ, ತಾಮ್ರ. 22 ಕ್ಯಾರೆಟಿನ ಚಿನ್ನ ಗಡಿಯಾರದ ಕವಚಕ್ಕೆ ತೀರಾ ಮೆದು, ಗುಂಡಿಗಳ ಒತ್ತಡಕ್ಕೇ ಅದರ ತೂತು ಅಗಲವಾದೀತು. ಸ್ವಿಟ್ಜರ್ಲೆಂಡ್ 1880ರಲ್ಲೇ ಚಿನ್ನ ಬೆಳ್ಳಿಯ ಕವಚಗಳಿಗೆ ಸರ್ಕಾರಿ ತಪಾಸಣೆಯ ಕಾನೂನು ಮಾಡಿತು. ಅದರಂತೆ 18 ಕ್ಯಾರೆಟಿಗೆ ಹೆಲ್ವೇಷಿಯಾ ಎಂಬ ಸ್ತ್ರೀಯ ಮುಖದ ಪುಟ್ಟ ಮೊಹರು, 14 ಕ್ಯಾರೆಟಿಗೆ ಅಳಿಲು. 1995ರಿಂದ ಈಚಿನವುಗಳಿಗೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ. 1950ರದೆಂದು ತೋರಿಸುವ ವಾಚಿನಲ್ಲಿ ನಾಯಿಯ ತಲೆ ಕಂಡರೆ ಅಲ್ಲಿಗೇ ಮಾತು ಮುಗಿಸಬಹುದು. ಫ್ರಾನ್ಸಿಗೆ ಹೊರಗಿನಿಂದ ಬಂದವಕ್ಕೆ ಅಲ್ಲಿನವರು ಗೂಬೆಯ ಮೊಹರು ಒತ್ತುತ್ತಿದ್ದರು. ಇವುಗಳ ಪಕ್ಕದಲ್ಲೇ ಸುತ್ತಿಗೆಯದೋ ಕೀಲಿಕೈಯದೋ ಒಂದು ಸಣ್ಣ ಚಿತ್ರ, ಅದರೊಳಗೆ ಒಂದು ಸಂಖ್ಯೆ ಕಂಡರೆ ಕವಚ ಮಾಡಿದ ಕಮ್ಮಟ ಯಾವುದು ಎಂದು ತಿಳಿಯುತ್ತದೆ. ಜಿನೀವಾದ ಕವಚಕಾರರಿಗೆ ಕೀಲಿಕೈ ಸೇರಿದ್ದು. ಪಟೆಕ್ ಫಿಲಿಪ್‌ನ ಕೆಲವು ಹೆಸರಾಂತ ವಾಚುಗಳಿಗೆ ಕವಚ ಮಾಡಿದ ಎಮಿಲ್ ವಿಷೆಯ ಗುರುತು 9 ಎಂಬ ಸಂಖ್ಯೆಯ ಕೀಲಿಕೈ.

ಬರೀ ಚಿನ್ನದ ನೀರು ಹಾಕಿದವು ಬೇರೆ ಜಾತಿ. ಅವುಗಳ ಮೇಲೆ ‘ಪ್ಲಾಕೆ ಓರ್’ ಎಂದೂ 10 ಅಥವಾ 20 ಮೈಕ್ರಾನ್ ಎಂದೂ ಇರುತ್ತದೆ. ಹಿಂಬದಿ ಮುಚ್ಚಳ ಬೆಳ್ಳಗಿದ್ದು ಅದರ ಸುತ್ತ ತುಕ್ಕು ಹಿಡಿಯದ ಉಕ್ಕು ಎಂದು ಫ್ರೆಂಚಿನಲ್ಲಿ ಕೊರೆದಿದ್ದರೆ ಮುಂಭಾಗದ ಹಳದಿ ಬಹುಪಾಲು ಲೇಪನವೇ. ಒರೆಗಲ್ಲಿಗೆ ಉಜ್ಜಿ ನೋಡುವ ನಮ್ಮ ಪದ್ಧತಿಯನ್ನು ಮಾತ್ರ ಇಲ್ಲಿ ಬಳಸಲೇಬಾರದು. ಬಳೆಗೆ ಅದು ಲೆಕ್ಕಕ್ಕಿಲ್ಲದ ಗೀರು, ಈ ತಗಡಿಗೆ ಅದು ಗಾಯ. ಈಗ ಊರಿನ ದೊಡ್ಡ ಆಭರಣದಂಗಡಿಗಳಲ್ಲಿ ಎಕ್ಸ್-ರೇ ಕಿರಣ ಹಾಯಿಸಿ ಕ್ಯಾರೆಟ್ ಹೇಳುವ ಯಂತ್ರಗಳಿವೆ, ಒಂದು ಗೀರೂ ಬೀಳುವುದಿಲ್ಲ.

ಇನ್ನು ಯಂತ್ರ. ಓಡುವ ಸಮಯವನ್ನು ಹಿಡಿದಿಡುವ ಆಸೆ ಹಳೆಯದು. 1816ರಲ್ಲಿ ಲೂಯಿ ಮೊಯ್ನೆ ಗ್ರಹತಾರೆಗಳ ವೀಕ್ಷಣೆಗೆಂದು ಇಂಥದೊಂದನ್ನು ಮಾಡಿಕೊಂಡಿದ್ದ. 1821ರಲ್ಲಿ ಪ್ಯಾರಿಸ್ಸಿನ ಕುದುರೆ ಜೂಜಿನಲ್ಲಿ ನಿಕೊಲಾ ರಿಯುಸೆಕ್ ತಂದಿಟ್ಟ ಪೆಟ್ಟಿಗೆ, ಕುದುರೆ ಗೆರೆ ದಾಟಿದೊಡನೆ ತಿರುಗುವ ಡಯಲ್ ಮೇಲೆ ಶಾಯಿಯ ಚುಕ್ಕೆ ಇಡುತ್ತಿತ್ತು. ಮುಳ್ಳನ್ನು ಮತ್ತೆ ಸೊನ್ನೆಗೆ ತರುವುದು ಹೇಗೆ ಎಂಬ ತೊಡಕನ್ನು ಬಿಡಿಸಿದ್ದು ಅಡಾಲ್ಫ್ ನಿಕೋಲ್. 1844ರಲ್ಲಿ ಅವನು ಪೇಟೆಂಟ್ ಪಡೆದ ಹೃದಯಾಕಾರದ ಪುಟ್ಟ ಉಕ್ಕಿನ ಬಿಲ್ಲೆ ಇವತ್ತಿಗೂ ಬಹುತೇಕ ಎಲ್ಲ ಯಾಂತ್ರಿಕ ಕ್ರೊನೊಗ್ರಾಫುಗಳಲ್ಲಿದೆ.

ಹಿಂಬದಿಯ ಮುಚ್ಚಳ ತೆಗೆದು ನೋಡಿದವರಿಗೆ ಆ ಬಿಲ್ಲೆಯ ಕೆಲಸ ಮರೆಯುವಂಥದ್ದಲ್ಲ. ಸಾಮಾನ್ಯ ಸೆಕೆಂಡಿನ ಚಕ್ರ ಒಂದು ಕಡೆ ಸದಾ ತಿರುಗುತ್ತಿರುತ್ತದೆ. ನಡುವಿನಲ್ಲಿರುವ ಕ್ರೊನೊಗ್ರಾಫ್ ಚಕ್ರದ ಹಲ್ಲುಗಳು ಕೂದಲೆಳೆಯಷ್ಟು ಸಣ್ಣವು, ಅದು ಸುಮ್ಮನೆ ನಿಂತಿರುತ್ತದೆ. ಗುಂಡಿ ಒತ್ತಿದಾಗ ಇನ್ನೊಂದು ಚಕ್ರ ತನ್ನ ಸನ್ನೆಕೋಲಿನ ಸಮೇತ ಪಕ್ಕಕ್ಕೆ ಸರಿದು ಇವೆರಡರ ನಡುವೆ ಕೊಂಡಿಯಾಗುತ್ತದೆ. ಹಲ್ಲಿಗೆ ಹಲ್ಲು ಕೂಡಿದ ಕ್ಷಣದಿಂದ ಉದ್ದ ಮುಳ್ಳು ಓಡುತ್ತದೆ, ಗಂಟೆಗೆ 18,000 ಬಡಿತದ ಯಂತ್ರವಾದ್ದರಿಂದ ಸೆಕೆಂಡಿಗೆ ಐದು ಹೆಜ್ಜೆ. ಸೊನ್ನೆಗೆ ತರುವ ಗುಂಡಿ ಒತ್ತಿದರೆ ಚಪ್ಪಟೆ ತಲೆಯ ಸುತ್ತಿಗೆಯೊಂದು ಹೃದಯದ ಬಿಲ್ಲೆಯ ಮೇಲೆ ಬೀಳುತ್ತದೆ. ಬಿಲ್ಲೆ ಯಾವ ಕೋನದಲ್ಲಿದ್ದರೂ ಸುತ್ತಿಗೆಯ ಒತ್ತಡಕ್ಕೆ ಜಾರಿ ತಿರುಗಿ, ತನ್ನ ತಗ್ಗಿನಲ್ಲೇ ನಿಲ್ಲುತ್ತದೆ. ಬಿಲ್ಲೆಯ ಅಚ್ಚಿಗೇ ಮುಳ್ಳು ಸೇರಿಕೊಂಡಿರುವುದರಿಂದ ಅದೂ ಹನ್ನೆರಡಕ್ಕೆ ಬಂದು ನಿಲ್ಲುತ್ತದೆ. ಇಷ್ಟು ಸರಳವಾದ, ಇಷ್ಟು ತಪ್ಪದ ಉಪಾಯವನ್ನು ನಾನು ಬೇರೆ ಯಾವ ಯಂತ್ರದಲ್ಲೂ ಕಂಡಿಲ್ಲ.

ಈ ಸನ್ನೆಕೋಲುಗಳಿಗೆಲ್ಲ ಅಪ್ಪಣೆ ಕೊಡುವುದು ಯಾವುದು ಎನ್ನುವಲ್ಲಿ ಬೆಲೆಯ ವ್ಯತ್ಯಾಸವಿದೆ. ವಾಲ್ಷೂ 72, ಲಾಂಜೀನ್ಸ್ 13ಝಡ್‌ಎನ್‌ ಮುಂತಾದವುಗಳಲ್ಲಿ ಕೋಟೆಯ ತೆನೆಗಳಂತೆ ಕಂಬಗಳು ಎದ್ದ ಒಂದು ಚಕ್ರ ಆ ಕೆಲಸ ಮಾಡುತ್ತದೆ. ಅದನ್ನು ಉಕ್ಕಿನ ತುಂಡಿನಲ್ಲಿ ಕೊರೆದು ತೆಗೆಯಬೇಕು, ದುಬಾರಿ ಕೆಲಸ. ಲ್ಯಾಂಡರಾನ್ ಅದರ ಬದಲು ತಗಡಿನಲ್ಲಿ ಅಚ್ಚೊತ್ತಿ ತೆಗೆದ ಚಪ್ಪಟೆ ತುಂಡುಗಳನ್ನು ಜೋಡಿಸಿ ಕೆಲಸ ಸಾಧಿಸಿತು. ಕೆಳಗಿನ ಗುಂಡಿಯಿಂದಲೇ ನಿಲ್ಲಿಸುವ ಆ ವಿಚಿತ್ರ ಕ್ರಮ ಹುಟ್ಟಿದ್ದು ಇಲ್ಲಿ. ಹಾಗಾಗಿ ಚಿನ್ನದ ಕವಚದೊಳಗೆ ಅಗ್ಗದ ಯಂತ್ರ, ಉಕ್ಕಿನ ಕವಚದೊಳಗೆ ಮೇಲ್ತರದ ಯಂತ್ರ ಇರುವುದು ಈ ಲೋಕದಲ್ಲಿ ಸಾಮಾನ್ಯ. ಕವಚ ನೋಡಿ ಮಣೆ ಹಾಕುವವರು ಇಲ್ಲೇ ಎಡವುತ್ತಾರೆ. ಅಗ್ಗವೆಂದ ಮಾತ್ರಕ್ಕೆ ಲ್ಯಾಂಡರಾನ್ ಕಳಪೆಯೂ ಅಲ್ಲ. ಎಣ್ಣೆ ಕಂಡರೆ ಇಂದಿಗೂ ಓಡುತ್ತದೆ.

ಡಯಲ್ ಅಂಚಿನ ಗೆರೆಗಳನ್ನು ಓದುವುದು ಕಲಿತರೆ ಆ ಕಾಲದ ಬದುಕೇ ತೆರೆದುಕೊಳ್ಳುತ್ತದೆ. ಒಂದು ಗೆರೆ ವೇಗ ಹೇಳುತ್ತದೆ: ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ 30 ಸೆಕೆಂಡ್ ಹಿಡಿದರೆ ಮುಳ್ಳು 120ರ ಮೇಲೆ ನಿಂತಿರುತ್ತದೆ. ಇನ್ನೊಂದು ದೂರದ ಗೆರೆ: ಮಿಂಚು ಕಂಡಾಗ ಒತ್ತಿ, ಗುಡುಗು ಕೇಳಿದಾಗ ನಿಲ್ಲಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ಆಚೆ ಎಂದು ತಿಳಿಯುತ್ತದೆ. ಶಬ್ದ ಒಂದು ಕಿಲೋಮೀಟರ್ ಕ್ರಮಿಸಲು ಸುಮಾರು ಮೂರು ಸೆಕೆಂಡ್ ಬೇಕಷ್ಟೆ. ಯುದ್ಧದಲ್ಲಿ ಇದೇ ಗೆರೆಯಿಂದ ಫಿರಂಗಿಯ ದೂರ ಅಳೆಯುತ್ತಿದ್ದರು. ವೈದ್ಯರ ವಾಚಿನಲ್ಲಿ ನಾಡಿಯ ಗೆರೆ, ಹದಿನೈದೋ ಮೂವತ್ತೋ ಬಡಿತ ಎಣಿಸಿ ನಿಲ್ಲಿಸಿದರೆ ನಿಮಿಷದ ನಾಡಿ ಗೊತ್ತಾಗುತ್ತದೆ. ಬಲಗಡೆಯ ಪುಟ್ಟ ಡಯಲ್‌ನಲ್ಲಿ 3, 6, 9ನೇ ನಿಮಿಷದ ಗೆರೆಗಳು ಮಾತ್ರ ಉದ್ದವಾಗಿರುವುದನ್ನು ಕೆಲವು ವಾಚುಗಳಲ್ಲಿ ನೋಡಬಹುದು. ದೂರವಾಣಿಯ ಶುಲ್ಕ ಮೂರು ನಿಮಿಷಕ್ಕೊಮ್ಮೆ ಏರುತ್ತಿದ್ದ ದಿನಗಳ ಗುರುತು ಅದು. ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಮೂರು ನಿಮಿಷದೊಳಗೆ ಮಾತು ಮುಗಿಸಿದ ನಮ್ಮವರಿಗೆ ಆ ಗೆರೆ ನೋಡಿದೊಡನೆ ಅರ್ಥವಾದೀತು.

ಹೆಸರಾಂತ ಮನೆತನಗಳ ಮಾತಿಗೆ ಬಂದರೆ ಸಂಖ್ಯೆಗಳು ಪುಟ್ಟವು. 1930ರಿಂದ 50ರ ದಶಕದವರೆಗೆ ಓಡೆಮಾರ್ಸ್ ಪಿಗೆ ಮಾಡಿದ ಕ್ರೊನೊಗ್ರಾಫ್ ಕೈಗಡಿಯಾರಗಳು ಒಟ್ಟು 307. ಅದರಲ್ಲೊಂದು ಮಾದರಿಯ ನಿಮಿಷದ ಡಯಲ್‌ನಲ್ಲಿ ಕೆಂಪು ಬಣ್ಣದ 4/5 ಎಂಬ ಗುರುತಿದೆ. ಮನೆತನದ ಜಾಕ್-ಲೂಯಿ ಓಡೆಮಾರ್ಸ್‌ಗೆ ಫುಟ್ಬಾಲ್ ಹುಚ್ಚು, ಆಟದ ಅರ್ಧಭಾಗದ 45 ನಿಮಿಷ ಎಣಿಸಲು ಹಾಕಿಸಿದ್ದು. ಹತ್ತೊಂಬತ್ತುನೂರ ಎಪ್ಪತ್ತರ ದಶಕದಲ್ಲಿ ಹೋಯರ್ ವಾಚು ಕಂಪನಿಯ ಜಾಕ್ ಹೋಯರ್ ಫೆರಾರಿ ರೇಸ್ ತಂಡದ ಚಾಲಕರಿಗೆ ಕ್ಯಾರೆರಾ ಎಂಬ ಮಾದರಿಯ ಚಿನ್ನದ ವಾಚು ಕೊಟ್ಟರು. ವಾಚಿನ ಹಿಂಬದಿಯಲ್ಲಿ ಚಾಲಕನ ಹೆಸರಿನ ಜೊತೆ ರಕ್ತದ ಗುಂಪನ್ನೂ ಕೊರೆಸಿರುತ್ತಿದ್ದರು. ರೇಸಿನ ಕಾರುಗಳಲ್ಲಿ ಸಾವು ಅಷ್ಟು ಹತ್ತಿರದಲ್ಲಿದ್ದ ಕಾಲ. ಚಂದ್ರನ ಮೇಲೆ ಮನುಷ್ಯ ಇಳಿದ ಸಂತೋಷಕ್ಕೆ ಒಮೆಗಾ 1,014 ಚಿನ್ನದ ಸ್ಪೀಡ್‌ಮಾಸ್ಟರ್ ವಾಚುಗಳನ್ನು ಮಾಡಿತು. 1969ರ ನವೆಂಬರ್ 25ರಂದು ಹ್ಯೂಸ್ಟನ್‌ನ ಔತಣದಲ್ಲಿ ಗಗನಯಾತ್ರಿಗಳಿಗೆ ಅವುಗಳಲ್ಲಿ ಕೆಲವನ್ನು ಕೊಟ್ಟರು. ಒಂದನೇ ಸಂಖ್ಯೆಯದು ಅಧ್ಯಕ್ಷ ನಿಕ್ಸನ್‌ಗೆಂದು ಇಟ್ಟದ್ದು. ಇಷ್ಟು ಬೆಲೆಯ ಉಡುಗೊರೆಯನ್ನು ಅವರು ಸ್ವೀಕರಿಸಲಿಲ್ಲ.

ಅದೇ ವರ್ಷದ ಡಿಸೆಂಬರ್ 25ರಂದು ಟೋಕಿಯೋದಲ್ಲಿ ಸೀಕೊ ತನ್ನ ಆಸ್ಟ್ರಾನ್ ಮಾರಾಟಕ್ಕಿಟ್ಟಿತು. ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ, ಅದೂ 18 ಕ್ಯಾರೆಟ್ ಚಿನ್ನದ್ದೇ. ಬೆಲೆ 4,50,000 ಯೆನ್, ಒಂದು ಸಣ್ಣ ಕಾರಿನಷ್ಟು. ತಿಂಗಳಿಗೆ ಐದು ಸೆಕೆಂಡ್ ಮಾತ್ರ ಹೆಚ್ಚುಕಡಿಮೆ. ಹತ್ತು ವರ್ಷದೊಳಗೆ ಕ್ವಾರ್ಟ್ಜ್ ಅಗ್ಗವಾಯಿತು, ಕೀ ಕೊಡುವ ವಾಚುಗಳು ಕಾಲಬಾಹಿರವಾದವು. ಇದರ ಜೊತೆಗೇ ಇನ್ನೊಂದು ಏಟು ಬಿತ್ತು. 1970ರ ಹೊತ್ತಿಗೆ ಔನ್ಸಿಗೆ 35 ಡಾಲರಿನ ಆಸುಪಾಸಿನಲ್ಲಿದ್ದ ಚಿನ್ನ 1980ರ ಜನವರಿಯಲ್ಲಿ 850 ಮುಟ್ಟಿತು. ಅಪ್ಪನ ಹಳೆಯ ವಾಚು ಯಾರಿಗೂ ಬೇಡವಾಗಿದ್ದಾಗ ಅದರ ಕವಚಕ್ಕೆ ಹಿಂದೆಂದೂ ಇಲ್ಲದ ಬೆಲೆ ಬಂತು. ಯೂರೋಪು, ಅಮೆರಿಕದ ಗುಜರಿ ವ್ಯಾಪಾರಿಗಳು ಚಿನ್ನದ ವಾಚುಗಳನ್ನು ತೂಕದ ಲೆಕ್ಕದಲ್ಲಿ ಕೊಂಡು, ಯಂತ್ರವನ್ನು ಕಿತ್ತು ಡಬ್ಬಕ್ಕೆ ಹಾಕಿ, ಕವಚವನ್ನು ಮೂಸೆಗೆ ಹಾಕಿದರು. ಉಕ್ಕಿನ ವಾಚಿಗೆ ಈ ಗತಿ ಬರಲಿಲ್ಲ, ಅದನ್ನು ಕರಗಿಸಿ ಯಾರಿಗೇನು ಸಿಗಬೇಕು? ಚಿನ್ನವೇ ಇವಕ್ಕೆ ಮಾನ ತಂದಿತ್ತು, ಚಿನ್ನವೇ ಇವನ್ನು ಕೊಂದಿತು. ಇದನ್ನು ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಚಿನ್ನದ ಬೆಲೆ ಏರಿದಾಗಲೆಲ್ಲ ಇದೇ ಮತ್ತೆ ನಡೆಯುತ್ತದೆ, ಈಗಲೂ ನಡೆಯುತ್ತಿದೆ.

ಹಾಗಾದರೆ ಉಳಿದ ಚಿನ್ನದವು ಉಕ್ಕಿನವುಗಳಿಗಿಂತ ಎಷ್ಟೋ ಪಾಲು ದುಬಾರಿಯಾಗಬೇಕಿತ್ತಲ್ಲ? ಆಗಲಿಲ್ಲ. ಪಟೆಕ್ ಫಿಲಿಪ್ 1941ರಲ್ಲಿ ತಂದ 1518 ಎಂಬ ಮಾದರಿ ಕ್ರೊನೊಗ್ರಾಫಿನ ಜೊತೆ ಅಧಿಕ ವರ್ಷಗಳನ್ನೂ ತಾನೇ ಲೆಕ್ಕ ಹಾಕುವ ಪಂಚಾಂಗವುಳ್ಳದ್ದು. ಒಟ್ಟು 281 ಆದವು, ಹೆಚ್ಚಿನವು ಚಿನ್ನದವು. ಉಕ್ಕಿನವು ಇಂದು ಗೊತ್ತಿರುವುದು ನಾಲ್ಕೇ. ಆ ನಾಲ್ಕರಲ್ಲೊಂದು 2016ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕ್ ದಾಟಿತು. ಹೆಚ್ಚಿನ ಚಿನ್ನದ 1518ಗಳು ಅದರ ಹತ್ತಿರವೂ ಸುಳಿಯುವುದಿಲ್ಲ. ಸಂಗ್ರಾಹಕರ ಪೇಟೆಯಲ್ಲಿ ಅಪರೂಪಕ್ಕೆ ಬೆಲೆ, ಲೋಹಕ್ಕಲ್ಲ. ಹೆಸರಿಲ್ಲದ ಕ್ರೊನೊಗ್ರಾಫ್ ಸ್ವಿಸ್ ವಾಚಿನ ದುರದೃಷ್ಟ ಇದೇ: ಪೇಟೆಯಲ್ಲಿ ಅದಕ್ಕೆ ಸಿಗುವ ಬೆಲೆಗೂ ಅದರ ಚಿನ್ನದ ಬೆಲೆಗೂ ನಡುವಿನ ಅಂತರ ಕಿರಿದು. ಚಿನ್ನ ಒಂದು ಜಿಗಿತ ಜಿಗಿದರೆ ಆ ಅಂತರ ಅಳಿಸಿಹೋಗುತ್ತದೆ. ಆದ್ದರಿಂದಲೇ, ಕೋಟಿಯ ವಾಚುಗಳನ್ನು ಕಾಯಲು ಬ್ಯಾಂಕುಗಳಿವೆ, ಇವನ್ನು ಕಾಯಬೇಕಾದವರು ಸಾಮಾನ್ಯ ಸಂಗ್ರಾಹಕರು ಎಂದು ನಾನು ಬಲವಾಗಿ ನಂಬುತ್ತೇನೆ.

ಕೊಳ್ಳುವಾಗ ಕಣ್ಣು ಮೊದಲು ಡಯಲ್ ಮೇಲಿರಲಿ. ನಮ್ಮ ದೇಶಕ್ಕೆ ಈ ವಿಷಯದಲ್ಲಿ ಒಳ್ಳೆಯ ಹೆಸರಿಲ್ಲ. ಹಳೆಯ ಡಯಲ್ ಉಜ್ಜಿ, ಗಾಢ ಬಣ್ಣ ಬಳಿದು, ಹೆಸರು ಅಚ್ಚು ಹಾಕಿ ಹೊರದೇಶಗಳಿಗೆ ಮಾರುವ ವಾಚುಗಳನ್ನು ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದೇ ಕರೆಯುತ್ತಾರೆ. ಪುನಃ ಬರೆದ ಡಯಲ್ ಗುರುತಿಸಲು ಕ್ರೊನೊಗ್ರಾಫ್ ಅನುಕೂಲವೇ, ಅದರಲ್ಲಿ ಗೆರೆಗಳು ಅಷ್ಟಿವೆ. ಹತ್ತು ಪಟ್ಟು ಹಿಗ್ಗಿಸುವ ಗಾಜು ಹಿಡಿದು ಐದನೇ ಒಂದು ಸೆಕೆಂಡಿನ ಗೆರೆಗಳನ್ನು ನೋಡಿ. ಮೂಲ ಅಚ್ಚಿನಲ್ಲಿ ಎಲ್ಲವೂ ಒಂದೇ ದಪ್ಪ, ತುದಿ ಚೂಪು. ಮತ್ತೆ ಬರೆದದ್ದರಲ್ಲಿ ಗೆರೆ ಕೊಂಚ ಊದಿಕೊಂಡಿರುತ್ತದೆ, ಎಲ್ಲೋ ಒಂದು ಕಡೆ ಪುಟ್ಟ ಡಯಲ್‌ನ ಸುತ್ತುಗೆರೆಯನ್ನು ದಾಟಿರುತ್ತದೆ. ಸ್ವಿಸ್ ಎಂಬ ಪದ ಕೆಳಗಿನ ಅಂಚಿನಲ್ಲಿ ಇಲ್ಲದಿದ್ದರೂ ಸಂಶಯ ಪಡಬೇಕು. ಹಳೆಯ ಡಯಲ್ ಹಳದಿಗಟ್ಟಿದ್ದರೆ, ಅಲ್ಲಲ್ಲಿ ಚುಕ್ಕೆ ಬಿದ್ದಿದ್ದರೆ ಚಿಂತೆಯಿಲ್ಲ, ಹಾಗೇ ಇರಲಿ.

ಮುಳ್ಳು, ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಹಚ್ಚಿದ 1950ರ ದಶಕದ ವಾಚಾದರೆ ಅದು ರೇಡಿಯಂ. ಈಗ ಹೊಳೆಯುವುದಿಲ್ಲ, ಏಕೆಂದರೆ ಅದರ ಜೊತೆ ಬೆರೆಸಿದ್ದ ಸತುವಿನ ಸಲ್ಫೈಡ್ ಪುಡಿ ಸವೆದಿದೆ. ರೇಡಿಯಂ ಮಾತ್ರ ಸವೆದಿಲ್ಲ, ಅದರ ಅರ್ಧಾಯುಷ್ಯ 1,600 ವರ್ಷ. ಕೈಗೆ ಕಟ್ಟಲು ಅಡ್ಡಿಯಿಲ್ಲ, ಆದರೆ ಗಾಜು ತೆಗೆದು ಆ ಬಣ್ಣ ಕೆರೆಯಬಾರದು, ಪುಡಿ ಉಸಿರಿಗೆ ಹೋದರೆ ಅಪಾಯ. ಗುಂಡಿಗಳ ಸುತ್ತ ನೀರು ತಡೆಯುವ ವ್ಯವಸ್ಥೆಯೇ ಈ ವಾಚುಗಳಲ್ಲಿಲ್ಲ. ಕರಾವಳಿಯ ಮಳೆಗಾಲದಲ್ಲಿ, ಬೆವರುವ ಮಣಿಕಟ್ಟಿನ ಮೇಲೆ, ಒಂದೇ ವರ್ಷದಲ್ಲಿ ಉಕ್ಕಿನ ಸನ್ನೆಕೋಲುಗಳಿಗೆ ತುಕ್ಕು ಹತ್ತೀತು.

ಮನೆಯ ಕಪಾಟಿನಲ್ಲಿ ಅಜ್ಜನದೋ ದೊಡ್ಡಪ್ಪನದೋ ಇಂಥದೊಂದಿದ್ದರೆ ಆಭರಣದಂಗಡಿಗೆ ಹೋಗುವ ಮೊದಲು ಕೀ ಕೊಡುವ ವಾಚು ಬಿಚ್ಚಬಲ್ಲ ಹಳೆಯ ಕೈಗೆ ತೋರಿಸಿ. ಎಣ್ಣೆ ಒಣಗಿದ ಯಂತ್ರವನ್ನು ಓಡಿಸಿ ನೋಡುವ ಆತುರ ಬೇಡ. ಶುಚಿ ಮಾಡಿ, ಎಣ್ಣೆ ಹಾಕಿ, ಕವಚಕ್ಕೆ ಮೆರುಗು ಬೇಡ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಪ್ರೀತಿಯಿಂದಲೇ ಹಾಕಿಬಿಡುತ್ತಾರೆ. ಚೂರುಪಾರು ಸವೆದಿದ್ದರೆ ಬಿಡಿಭಾಗ ಎಲ್ಲಿಂದ ಎಂಬ ಚಿಂತೆ ಲ್ಯಾಂಡರಾನ್ ವಿಷಯದಲ್ಲಿ ಕಡಿಮೆ. ಕವಚ ಕರಗಿಸಿದ ವ್ಯಾಪಾರಿಗಳು ಡಬ್ಬಕ್ಕೆ ಹಾಕಿದ್ದ ಯಂತ್ರಗಳು ಡಯಲ್, ಮುಳ್ಳುಗಳ ಸಮೇತ ಇಂದಿಗೂ ಹರಾಜಿಗೆ ಬರುತ್ತವೆ. ಮೂಸೆಗೆ ಹೋದ ವಾಚಿನ ಸುತ್ತಿಗೆ, ಸ್ಪ್ರಿಂಗು, ಗುಂಡಿಗಳನ್ನು ತೆಗೆದು ಮೂಸೆ ತಪ್ಪಿಸಿಕೊಂಡ ವಾಚಿಗೆ ಹಾಕಿ ರಿಪೇರಿಯವರು ಅದನ್ನು ಓಡಿಸುತ್ತಿದ್ದಾರೆ.